ಬಾವಾ ಗೋರ್ ಪರಂಪರೆ: ಸಿದ್ದಿ ಮುಸ್ಲಿಮರ ಪೂರ್ವಿಕ ಸ್ಮೃತಿ ಮತ್ತು ಜಾನಪದ

ಗುಜರಾತಿನ ಭರೂಚ್ ಜಿಲ್ಲೆಯ ಝಗಡಿಯಾ ತಾಲ್ಲೂಕಿನಲ್ಲಿ, ನರ್ಮದಾ ನದಿಯ ದಕ್ಷಿಣಕ್ಕೆ ರತನ್‌ಪುರ ಎಂಬ ಹಳ್ಳಿಯಿದೆ. ಅದರ ಬಳಿಯ ಬೆಟ್ಟದ ಮೇಲೆ ಬಾವಾ ಗೋರ್ ಎಂಬ ಸಂತನ ದರ್ಗಾ ಇದೆ. ಅವನ ತಮ್ಮನೆನ್ನಲಾದ ಬಾವಾ ಹಬಶ್ ಹಾಗೂ ತಂಗಿಯೆನ್ನಲಾದ ಮಾಯಿ ಮಿಸ್ರಾ ಇವರ ಗೋರಿಗಳೂ ಅಲ್ಲಿಯೇ ಇವೆ. ಈ ಮೂವರನ್ನು ಗುಜರಾತಿನ ಸಿದ್ದಿ ಮುಸ್ಲಿಮರು ತಮ್ಮ ಹಿರಿಯರೆಂದೂ ಸಂತರೆಂದೂ ಏಕಕಾಲಕ್ಕೆ ನಂಬುತ್ತಾರೆ. ಹಿರಿಯರು ಬೇರೆ, ಸಂತರು ಬೇರೆ ಎಂಬ ಭೇದ ಇಲ್ಲಿ ಇಲ್ಲ. ಆಫ್ರಿಕಾ ಮೂಲದ ಒಂದು ಸಮುದಾಯವು ಇಸ್ಲಾಂ ಧರ್ಮದ ಒಳಗಡೆಯೇ ತನ್ನ ಪೂರ್ವಿಕರ ನೆನಪನ್ನು ಯಾವ ಬಗೆಯಲ್ಲಿ ಉಳಿಸಿಕೊಂಡಿದೆ, ಆ ನೆನಪು ಕಥೆಯಲ್ಲಿ ಒಂದು ದಿಕ್ಕನ್ನೂ ಕುಣಿತ ವಾದ್ಯಗಳಲ್ಲಿ ಮತ್ತೊಂದು ದಿಕ್ಕನ್ನೂ ತೋರುವುದೇಕೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಈ ಹಿನ್ನೆಲೆಯಲ್ಲಿ ಗಮನಿಸಿದರೆ ಹೊಳೆಯುವ ಕೆಲವು ಸಂಗತಿಗಳನ್ನೂ ಕೊನೆಯ ಭಾಗದಲ್ಲಿ ಚರ್ಚಿಸಲಾಗಿದೆ.

ಮೊದಲು ಐತಿಹ್ಯವನ್ನು ನೋಡೋಣ. ಹೇಳುವವರಿಂದ ಹೇಳುವವರಿಗೆ ವಿವರಗಳು ಬದಲಾದರೂ ಕಥೆಯ ಎಲುಬು ಹೀಗಿದೆ: ಬಾವಾ ಗೋರ್ ಹಬಶ್ ನಾಡಿನಲ್ಲಿ ಹುಟ್ಟಿದವನು. ಸಿದಿ ಮುಬಾರಕ್ ನೋಬಿ ಎಂಬುದು ಅವನ ಮೊದಲ ಹೆಸರು. ಅವನು ಮಕ್ಕೆಗೆ ಹೋಗಿ, ಅಲ್ಲಿಂದ ದೈವಾಜ್ಞೆಯ ಮೇರೆಗೆ ಹಿಂದ್ ದೇಶಕ್ಕೆ ಸೇನೆಯೊಡನೆ ಬಂದನು. ರತನ್‌ಪುರದ ಬೆಟ್ಟದಲ್ಲಿ ಮಾಖನ್ ದೇವಿ ಎಂಬ ಮಾಯಾವಿನಿ ಜನರನ್ನು ಕಾಡುತ್ತಿದ್ದಳು. ಅವಳನ್ನು ಅಡಗಿಸುವುದೇ ಗೋರನಿಗೆ ಒಪ್ಪಿಸಿದ ಕೆಲಸ. ಆದರೆ ಎದುರಾಳಿ ಹೆಣ್ಣು. ಗಂಡಸಾದ ಗೋರ್ ಹೆಣ್ಣಿನ ಮೇಲೆ ಕೈ ಎತ್ತುವಂತಿಲ್ಲ. ತಮ್ಮ ಹಬಶನಿಂದಲೂ ಆ ಕೆಲಸ ಸಾಗಲಿಲ್ಲ. ಆಗ ಅವರನ್ನು ಅರಸಿಕೊಂಡು ತಂಗಿ ಮಿಸ್ರಾ ಬಂದಳು. ಅವಳು ಮಾಖನ್ ದೇವಿಯನ್ನು ನೆಲದೊಳಕ್ಕೆ ಅಡಗಿಸಿದಳು. ಬಳಿಕ ಮೂವರೂ ಅಲ್ಲಿಯೇ ನೆಲೆಸಿ, ಅಲ್ಲಿಯೇ ಕಣ್ಮರೆಯಾದರು.

ಈ ಕಥೆಯನ್ನು ಮತ್ತೆ ಮತ್ತೆ ಓದಿದಾಗ ಎದ್ದು ಕಾಣುವುದು ಅದರಲ್ಲಿ ಇರುವುದಕ್ಕಿಂತ ಇಲ್ಲದಿರುವುದು. ಸಿದ್ದಿಗಳಲ್ಲಿ ಬಹುಪಾಲು ಜನರ ಪೂರ್ವಿಕರು ಪಶ್ಚಿಮ ಭಾರತಕ್ಕೆ ಬಂದದ್ದು ಗುಲಾಮರಾಗಿ. ಅರಬ್, ಗುಜರಾತಿ ಹಾಗೂ ಪೋರ್ಚುಗೀಸ್ ಹಡಗುಗಳಲ್ಲಿ ಅವರನ್ನು ತಂದು ಬಂದರುಗಳಲ್ಲಿ ಮಾರಲಾಯಿತು. ಐತಿಹ್ಯದಲ್ಲಿ ಇದರ ಸುಳಿವೇ ಇಲ್ಲ. ಅಲ್ಲಿ ಯಾರೂ ಯಾರನ್ನೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಹಬಶಿಯು ತನ್ನ ಕಾಲಿನಿಂದ, ತನ್ನ ಸೇನೆಯೊಡನೆ, ದೇವರ ಅಪ್ಪಣೆಯನ್ನು ಹೊತ್ತು ಬರುತ್ತಾನೆ. ಮರೆವು ಎಂದು ಇದನ್ನು ಕರೆಯುವುದು ಸರಿಯಲ್ಲ. ಬಂದ ದಾರಿ ಕಡಲದಾರಿಯೆಂಬುದೂ, ಬಂದ ಊರು ಹಬಶ್ ಎಂಬುದೂ ನೆನಪಿನಲ್ಲಿವೆ. ಕಳುಹಿಸಿದವನು ಯಾರು ಎಂಬುದೊಂದು ಮಾತ್ರ ಬದಲಾಗಿದೆ. ವ್ಯಾಪಾರಿಯ ಸ್ಥಾನದಲ್ಲಿ ದೇವರು ಬಂದಿದ್ದಾನೆ. ಗುಲಾಮಗಿರಿಯ ಅಪಮಾನವನ್ನು ಅನುಭವಿಸಿದ ಸಮುದಾಯವು ತನ್ನ ಮಕ್ಕಳಿಗೆ ಹೇಳಬಹುದಾದ ರೀತಿಯಲ್ಲಿ ತನ್ನ ಆಗಮನದ ಕಥೆಯನ್ನು ಕಟ್ಟಿಕೊಂಡಿದೆ ಎಂದು ತಿಳಿಯುವುದೇ ಹೆಚ್ಚು ಯುಕ್ತ. ಮಾಯಾವಿನಿಯನ್ನು ಅಡಗಿಸಿದವಳು ಹೆಣ್ಣು ಎಂಬ ಅಂಶವೂ ಸಾಧಾರಣವಾದುದಲ್ಲ. ಸೂಫಿ ಸಂತರ ಐತಿಹ್ಯಗಳಲ್ಲಿ ಸಂತನು ಸ್ಥಳೀಯ ಶಕ್ತಿಯನ್ನು ಸೋಲಿಸುವ ಆಶಯ ಉಪಖಂಡದಾದ್ಯಂತ ಕಾಣುತ್ತದೆ. ಆದರೆ ಸಂತನು ಕೈಕಟ್ಟಿ ನಿಂತು ತಂಗಿಯು ಗೆಲ್ಲುವ ಕಥೆಗಳು ವಿರಳ.

ಇತಿಹಾಸದ ಪುಟಗಳಲ್ಲಿ ಕಾಣಿಸುವ ಹಬಶಿಗಳು ಬೇರೊಂದು ಸ್ತರದವರು. ಅಹಮದಾಬಾದಿನಲ್ಲಿ ೧೫೭೨-೭೩ರಲ್ಲಿ ಕಟ್ಟಲಾದ, ಕಲ್ಲಿನ ಜಾಲಂದ್ರಗಳಿಗೆ ಹೆಸರಾದ ಮಸೀದಿ ಸಿದಿ ಸೈಯದ್ ಎಂಬ ಹಬಶಿ ಸರದಾರನದು. ಅಹಮದ್‌ನಗರದ ನಿಜಾಮಶಾಹಿಯನ್ನು ಮುಘಲರ ವಿರುದ್ಧ ದಶಕಗಳ ಕಾಲ ಎತ್ತಿಹಿಡಿದ ಮಲಿಕ್ ಅಂಬರ್ (ಮರಣ ೧೬೨೬) ಇಥಿಯೋಪಿಯಾದಲ್ಲಿ ಹುಟ್ಟಿ, ಹಲವು ಕೈಗಳಿಗೆ ಮಾರಾಟವಾಗಿ ದಖನ್ನಿಗೆ ಬಂದವನು. ಅವನನ್ನು ಅಹಮದ್‌ನಗರದಲ್ಲಿ ಕೊಂಡ ಚಂಗೀಜ್ ಖಾನನೂ ಹಬಶಿಯೇ ಆಗಿದ್ದನು. ವಿಜಾಪುರದ ಆದಿಲ್‌ಶಾಹಿಯಲ್ಲಿ ೧೫೮೦ರ ದಶಕದಲ್ಲಿ ದಿಲಾವರ್ ಖಾನ್, ಹದಿನೇಳನೆಯ ಶತಮಾನದಲ್ಲಿ ಇಖ್ಲಾಸ್ ಖಾನ್, ಆದವಾನಿಯ ಸಿದಿ ಮಸೂದ್ ಮುಂತಾದವರು ರಾಜ್ಯದ ಸೂತ್ರವನ್ನೇ ಹಿಡಿದಿದ್ದರು. ೧೬೬೦ರಲ್ಲಿ ಪನ್ಹಾಳಾ ಕೋಟೆಯನ್ನು ಮುತ್ತಿದ ಸಿದಿ ಜೌಹರನೂ ಇದೇ ವರ್ಗದವನು. ಕೊಂಕಣದ ಜಂಜೀರಾದಲ್ಲಿಯೂ ೧೭೯೧ರ ಬಳಿಕ ಸೂರತ್ ಸಮೀಪದ ಸಚಿನ್‌ನಲ್ಲಿಯೂ ಸಿದಿ ನವಾಬರು ಆಳಿದರು. ಇವರ ಸಾಧನೆಯನ್ನು ಕೊಂಡಾಡುವ ಬರಹಗಳು ಈಚೆಗೆ ಬಹಳವಾಗಿವೆ. ಅದು ಸರಿಯೂ ಹೌದು. ಆದರೆ ಗುಜರಾತ್, ಸೌರಾಷ್ಟ್ರಗಳ ಹಳ್ಳಿಗಳಲ್ಲಿ ಹೊಲದಾಳು, ಮನೆಯಾಳು, ಸೌದೆ ಕಡಿಯುವವರು, ಫಕೀರರು ಆಗಿ ಬಾಳಿದ ಸಿದ್ದಿಗಳು ಈ ಸರದಾರರ ನೇರ ವಂಶಜರೆಂದು ತಿಳಿಯುವುದಕ್ಕೆ ಆಧಾರ ಸಾಲದು. ಅವರಲ್ಲಿ ಅನೇಕರ ಪೂರ್ವಿಕರು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ, ಸಂಸ್ಥಾನಗಳ ಅರಮನೆಗಳಿಗೂ ಸಿರಿವಂತರ ಮನೆಗಳಿಗೂ ಆಳುಗಳಾಗಿ ಬಂದವರು. ಬ್ರಿಟಿಷ್ ಭಾರತದಲ್ಲಿ ೧೮೪೩ರ ಕಾಯಿದೆ ಗುಲಾಮಗಿರಿಯ ಮಾನ್ಯತೆಯನ್ನು ತೆಗೆದುಹಾಕಿದ ಬಳಿಕವೂ ಈ ಆಮದು ಕೂಡಲೇ ನಿಲ್ಲಲಿಲ್ಲ. ಸಾಮಾನ್ಯ ಸಿದ್ದಿಯ ಮೌಖಿಕ ಪರಂಪರೆಯಲ್ಲಿ ಬೆಳಗುವ ಹೆಸರು ಅಂಬರನದಲ್ಲ, ಬಾವಾ ಗೋರನದು.

ಈಗ ಹೆಸರುಗಳ ಕಡೆಗೆ ತಿರುಗೋಣ. ಹಬಶ್ ಎಂದರೆ ಅರಬ್ಬಿಯಲ್ಲಿ ಅಬಿಸೀನಿಯಾ, ಇಂದಿನ ಇಥಿಯೋಪಿಯಾ ಪ್ರದೇಶ. ಮಿಸ್ರ್ ಎಂದರೆ ಈಜಿಪ್ಟ್. ನೋಬಿ ಎಂಬುದು ನೂಬಿಯಾವನ್ನು ಸೂಚಿಸುತ್ತದೆ. ಒಂದೇ ತಾಯಿಯ ಮೂವರು ಮಕ್ಕಳ ಹೆಸರುಗಳನ್ನು ಜೋಡಿಸಿದರೆ ನೈಲ್ ನದಿಯ ಉದ್ದಕ್ಕೂ ಹರಡಿದ ಒಂದು ಭೂಪಟವೇ ದೊರೆಯುತ್ತದೆ. ಇದು ಇಸ್ಲಾಮಿನ ಸ್ಮೃತಿಯಲ್ಲಿ ಪವಿತ್ರವಾದ ಆಫ್ರಿಕಾ. ಪ್ರವಾದಿಯವರ ಅನುಯಾಯಿಗಳು ಮಕ್ಕೆಯಲ್ಲಿ ಹಿಂಸೆಗೆ ಒಳಗಾದಾಗ, ಮದೀನೆಯ ಹಿಜ್ರತ್‌ಗಿಂತ ಮೊದಲೇ, ಒಂದು ತಂಡ ಆಶ್ರಯ ಅರಸಿ ಹೋದದ್ದು ಹಬಶ್ ದೊರೆ ನಜಾಶಿಯ ಬಳಿಗೆ. ಮೊದಲ ಅಜಾನ್ ಕೂಗಿದ ಬಿಲಾಲ್ ಹಬಶಿ ಮೂಲದವರು. ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಸಿದ್ದಿಗಳು ಗುಜರಾತಿನಲ್ಲಿರಲಿ, ಸಿಂಧ್‌ನಲ್ಲಿರಲಿ, ತಮ್ಮ ವಂಶವನ್ನು ಹಜರತ್ ಬಿಲಾಲರಿಗೆ ಜೋಡಿಸಿ ಹೇಳುವುದು ಸಾಮಾನ್ಯ. ಚರ್ಮದ ಬಣ್ಣವನ್ನೂ ಗುಲಾಮಗಿರಿಯನ್ನೂ ನೆಪವಾಗಿಸಿ ಕೀಳಾಗಿ ಕಂಡ ನೆರೆಹೊರೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ. ಕಾಬಾದ ಮಾಳಿಗೆಯನ್ನೇರಿ ಅಜಾನ್ ಕೂಗಿದ ಕಂಠದ ವಾರಸುದಾರರು ತಾವು ಎಂದು ಹೇಳಿದ ಮೇಲೆ ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಆದರೆ ದೇಹ ಮತ್ತು ವಾದ್ಯಗಳು ಬೇರೊಂದು ದಿಕ್ಕನ್ನು ತೋರಿಸುತ್ತವೆ. ಸಿದ್ದಿಗಳ ಆರಾಧನಾ ಕುಣಿತಕ್ಕೆ ಧಮಾಲ್ ಎಂಬ ಹೆಸರಿರುವಂತೆಯೇ ಗೋಮಾ ಎಂಬ ಹೆಸರೂ ಇದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಙೋಮಾ ಎಂದರೆ ಮದ್ದಳೆ. ಮದ್ದಳೆಯೊಡನೆ ನಡೆಯುವ ಕುಣಿತಕ್ಕೂ ಅದೇ ಪದ. ಇದು ಅಬಿಸೀನಿಯಾದ ಮಾತಲ್ಲ. ತಾಂಜಾನಿಯಾ, ಮೊಜಾಂಬಿಕ್ ಮೊದಲಾದ ನಾಡುಗಳಲ್ಲಿ ಹರಡಿರುವ ಬಾಂಟು ಭಾಷಾವರ್ಗದ ಮಾತು. ಕಾಲುಗಳ ಮೇಲೆ ನೆಟ್ಟಗೆ ನಿಲ್ಲುವ ದೊಡ್ಡ ಮದ್ದಳೆ ಮುಗರ್ಮಾನ್, ಉರುಳೆಯಾಕಾರದ ಮುಸಿಂಡೋ, ಸೋರೆಬುರುಡೆ ಕಟ್ಟಿದ ಬಿಲ್ಲಿನಂತಹ ಮಲುಂಗಾ, ಇವುಗಳ ಹೆಸರು ಹಾಗೂ ಆಕಾರಗಳೂ ಅದೇ ಕರಾವಳಿಯತ್ತ ಬೆರಳು ತೋರುತ್ತವೆ. ೨೦೧೧ರಲ್ಲಿ ಪ್ರಕಟವಾದ, ಗುಜರಾತ್ ಮತ್ತು ಕರ್ನಾಟಕದ ಸಿದ್ದಿಗಳ ವಂಶವಾಹಿಗಳ ಅಧ್ಯಯನವೊಂದು ಅವರ ಆಫ್ರಿಕಾ ಮೂಲವು ಬಾಂಟು ಭಾಷಿಕ ಜನವರ್ಗಗಳಿಗೆ ಸಮೀಪವೆಂದೂ, ಭಾರತೀಯರೊಡನೆ ಮಿಶ್ರಣವಾದದ್ದು ಸುಮಾರು ೮ ತಲೆಮಾರುಗಳ ಹಿಂದಿನಿಂದೀಚೆಗೆ ಎಂದೂ, ಯುರೋಪ್ ಮೂಲದ ಅಂಶವೂ ಅಲ್ಪಸ್ವಲ್ಪ ಸೇರಿದೆಯೆಂದೂ ತೋರಿಸಿದೆ.

ಹೀಗೆ ಕಥೆ ಹೇಳುವುದು ಹಬಶ್, ಮದ್ದಳೆ ಹೇಳುವುದು ಸ್ವಾಹಿಲಿ ಕರಾವಳಿ. ಇವೆರಡರಲ್ಲಿ ಯಾವುದು ನಿಜ ಎಂದು ಕೇಳುವುದು ಜಾನಪದ ಅಧ್ಯಯನದ ಪ್ರಶ್ನೆಯಲ್ಲ. ಮಾತಿನಲ್ಲಿ ಉಳಿಯುವ ನೆನಪನ್ನು ಸಮುದಾಯವು ತನಗೆ ಬೇಕಾದಂತೆ ತಿದ್ದಿಕೊಳ್ಳಬಲ್ಲದು. ಕೈಬೆರಳು, ಹೆಜ್ಜೆ, ಉಸಿರುಗಳಲ್ಲಿ ಉಳಿಯುವ ನೆನಪನ್ನು ಹಾಗೆ ತಿದ್ದುವುದು ಕಷ್ಟ. ಏಕೆಂದರೆ ಅದು ನೆನಪೆಂದು ಯಾರಿಗೂ ತಿಳಿದಿರುವುದಿಲ್ಲ. ಮಗುವು ತಂದೆಯ ಪಕ್ಕದಲ್ಲಿ ಕುಳಿತು ಮದ್ದಳೆಯ ಬಡಿತವನ್ನು ಕಲಿಯುವಾಗ ಅದು ಕಲಿಯುವುದು ಬಾವಾ ಗೋರನ ಸೇವೆಯನ್ನು. ತನ್ನ ಮುತ್ತಜ್ಜನ ತಾಯ್ನಾಡನ್ನು ಅದು ತಿಳಿಯದೆಯೇ ಜೊತೆಗೆ ಕಲಿಯುತ್ತದೆ. ಇಸ್ಲಾಂ ಈ ಎರಡನೆಯ ನೆನಪನ್ನು ಅಳಿಸಲಿಲ್ಲ ಎಂಬುದಷ್ಟೇ ಅಲ್ಲ, ಅದಕ್ಕೆ ಇರಲೊಂದು ನೆಲೆಯನ್ನು ಕೊಟ್ಟದ್ದೇ ದರ್ಗಾ. ಸಂತನ ಸೇವೆ ಎಂಬ ಹೆಸರಿಲ್ಲದಿದ್ದರೆ ಆಳುಗಳ ಮದ್ದಳೆ ಒಂದೆರಡು ತಲೆಮಾರಿನಲ್ಲಿಯೇ ಮೌನವಾಗುತ್ತಿತ್ತೆಂದು ಊಹಿಸಬಹುದು.

ಗೋಮಾ ನಡೆಯುವ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಉರುಸ್‌ನ ಸಂದರ್ಭದಲ್ಲಿಯೂ ಹರಕೆಯ ದಿನಗಳಲ್ಲಿಯೂ ಮದ್ದಳೆಗಾರರು ಸೇರುತ್ತಾರೆ. ತೆಂಗಿನ ಚಿಪ್ಪಿನೊಳಗೆ ಕಾಳು ಕಲ್ಲುಗಳನ್ನು ತುಂಬಿ ಬಟ್ಟೆ ಸುತ್ತಿದ ಗಿಲಕಿಯನ್ನು ಕೈಯಲ್ಲಿ ಹಿಡಿದು ಆಡಿಸುತ್ತಾರೆ. ಈ ಗಿಲಕಿಯ ಹೆಸರೇ ಮಾಯಿ ಮಿಸ್ರಾ. ದೇವಿಯನ್ನು ಗೆದ್ದ ತಂಗಿಯು ಹೀಗೆ ವಾದ್ಯವಾಗಿ ಪ್ರತಿಯೊಂದು ಕುಣಿತದಲ್ಲಿಯೂ ಹಾಜರಿರುತ್ತಾಳೆ. ಶಂಖವನ್ನು ಊದುವುದೂ ಉಂಟು. ಜಿಕ್ರ್ ಎಂದು ಕರೆಯುವ ಹಾಡುಗಳಲ್ಲಿ ಅಲ್ಲಾಹನ ಮತ್ತು ಪ್ರವಾದಿಯವರ ಹೆಸರು, ಬಿಲಾಲ್ ಹಾಗೂ ಬಾವಾ ಗೋರರ ಸ್ತುತಿ ಇರುತ್ತವೆ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಮರುದನಿಯಾಗುತ್ತಾರೆ. ಗುಜರಾತಿ, ಹಿಂದೂಸ್ತಾನಿ ಸಾಲುಗಳ ನಡುವೆ ಹಾಡುವವರಿಗೇ ಅರ್ಥ ತಿಳಿಯದ ಪದಗಳು ಬರುತ್ತವೆ. ಅವುಗಳಲ್ಲಿ ಕೆಲವನ್ನು ಸ್ವಾಹಿಲಿಯೆಂದು ಗುರುತಿಸಲಾಗಿದೆ. ಬಡಿತ ಏರಿದಂತೆ ಕೆಲವರಲ್ಲಿ ಹಾಲ್ ಎಂಬ ಪರವಶ ಸ್ಥಿತಿ ಉಂಟಾಗುತ್ತದೆ. ಸಂತನೇ ಮೈಮೇಲೆ ಬಂದಿದ್ದಾನೆಂದು ಆಗ ನಂಬಲಾಗುತ್ತದೆ. ಆ ಹೊತ್ತಿನಲ್ಲಿ ಭಕ್ತರು ತಮ್ಮ ಸಂಕಟಗಳನ್ನು ನಿವೇದಿಸಿಕೊಳ್ಳುತ್ತಾರೆ. ಕುಣಿತದಲ್ಲಿ ನಗೆಯೂ ಇದೆ, ಕುಚೋದ್ಯವೂ ಇದೆ. ಸಂತನ ಮುಂದೆ ಗಂಭೀರವಾಗಿಯೇ ಇರಬೇಕೆಂಬ ನಿಯಮ ಇಲ್ಲಿಲ್ಲ. ಗುಜರಾತಿನ ಸಿದ್ದಿಗಳ ಕುರಿತು ದೀರ್ಘಕಾಲ ಅಧ್ಯಯನ ಮಾಡಿರುವ ಜರ್ಮನಿಯ ಮಾನವಶಾಸ್ತ್ರಜ್ಞೆ ಹೆಲೆನ್ ಬಸು ಅವರು ಈ ಉಲ್ಲಾಸವನ್ನು ಆರಾಧನೆಯ ಒಂದು ಮುಖ್ಯ ಭಾವವಾಗಿಯೇ ಪರಿಗಣಿಸಿದ್ದಾರೆ.

ರತನ್‌ಪುರಕ್ಕೆ ಬರುವ ಭಕ್ತರಲ್ಲಿ ಸಿದ್ದಿಗಳು ಅಲ್ಪಸಂಖ್ಯಾತರು. ಬೇರೆ ಮುಸ್ಲಿಮರು, ಹಿಂದೂಗಳು, ಸುತ್ತಲಿನ ಭಿಲ್ ಮೊದಲಾದ ಆದಿವಾಸಿಗಳು, ಪಾರ್ಸಿಗಳು ಸಹ ಇಲ್ಲಿಗೆ ಬರುತ್ತಾರೆ. ಗಾಳಿಸೋಕು, ಮನಸ್ಸಿನ ವ್ಯಾಧಿ, ಮಕ್ಕಳಿಲ್ಲದ ಕೊರಗು ಇವು ಹರಕೆಗೆ ಮುಖ್ಯ ಕಾರಣಗಳು. ಮಕ್ಕಳನ್ನು ಬಯಸುವ ಹೆಂಗಸರು ಮಾಯಿ ಮಿಸ್ರಾಳ ಬಳಿಗೆ ಹೋಗುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೆಟ್ಟದ ಕೆಳಗೆ ಕೂಲಿಗಾರನಾದ ಸಿದ್ದಿಯು ಬೆಟ್ಟದ ಮೇಲೆ ಫಕೀರ. ಕೆಳಗೆ ಅವನನ್ನು ಹೆಸರು ಹಿಡಿದು ಕೂಗುವ ಶ್ರೀಮಂತನು ಮೇಲೆ ಅವನ ಕೈಯಿಂದ ನವಿಲುಗರಿಯ ಸ್ಪರ್ಶವನ್ನೂ ಊದಿನ ಬೂದಿಯನ್ನೂ ಬೇಡುತ್ತಾನೆ. ಸಂತನ ರಕ್ತಸಂಬಂಧಿ ಎಂಬ ಹಕ್ಕು ಸಿದ್ದಿಗೆ ಮಾತ್ರ ಇದೆ. ಅದನ್ನು ಹಣದಿಂದಲೋ ವಿದ್ವತ್ತಿನಿಂದಲೋ ಮತ್ತೊಬ್ಬರು ಪಡೆಯಲಾಗದು. ಪೂರ್ವಿಕ ಸ್ಮೃತಿಯು ಹೀಗೆ ಜೀವನೋಪಾಯವೂ ಆಗುತ್ತದೆ, ಮಾನವೂ ಆಗುತ್ತದೆ.

ರತನ್‌ಪುರದ ಸುತ್ತಣ ನೆಲದ ಮತ್ತೊಂದು ವಿಶೇಷ ಅಕೀಕ್ ಕಲ್ಲು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸಾ ಈ ಪ್ರದೇಶದ ಲಿಮೋದರಾದ ಕಲ್ಲುಗಣಿಗಳನ್ನು ಪ್ರಸ್ತಾಪಿಸಿದ್ದಾನೆ. ನೆಲದಿಂದ ತೆಗೆದ ಮಾಸಲು ಕಲ್ಲನ್ನು ಬಿಸಿಲಿನಲ್ಲಿ ಒಣಗಿಸಿ, ನಿಧಾನವಾದ ಬೆಂಕಿಯಲ್ಲಿ ಕಾಯಿಸಿದರೆ ಅದರೊಳಗಿನ ಕಬ್ಬಿಣದ ಅಂಶದಿಂದಾಗಿ ಕೆಂಪು ಬಣ್ಣ ಬರುತ್ತದೆ. ಖಂಭಾತದ ಕುಶಲಕರ್ಮಿಗಳು ಅದನ್ನು ಕೊರೆದು ಮಣಿ ಮಾಡುತ್ತಾರೆ. ಪಟ್ಟೆಗಳಿರುವ ಒಂದು ಜಾತಿಯ ಕಲ್ಲಿಗೆ ಬಾಬಾಗೋರಿ ಎಂದೇ ಹೆಸರು. ಈ ಕಸುಬನ್ನು ಆರಂಭಿಸಿದವನು, ಕಲ್ಲಿನ ವ್ಯಾಪಾರವನ್ನು ಬೆಳೆಸಿದವನು ಬಾವಾ ಗೋರನೇ ಎಂಬ ನಂಬಿಕೆಯೂ ಇದೆ. ಶತಮಾನಗಳ ಕಾಲ ಖಂಭಾತದ ಮಣಿಗಳು ಕಡಲು ದಾಟಿ ಪೂರ್ವ ಆಫ್ರಿಕಾಕ್ಕೆ ಹೋದವು. ಅದೇ ಕಡಲದಾರಿಯಲ್ಲಿ ದಂತ ಬಂತು, ಮನುಷ್ಯರೂ ಬಂದರು. ಐತಿಹ್ಯವು ಈ ವಹಿವಾಟಿನ ಲೆಕ್ಕವನ್ನು ತಲೆಕೆಳಗಾಗಿ ಬರೆದಂತಿದೆ. ಅದರ ಪ್ರಕಾರ ಹಬಶಿಯು ಮಣಿಗಾಗಿ ಕೊಳ್ಳಲ್ಪಟ್ಟವನಲ್ಲ, ಮಣಿಯ ಒಡೆಯ. ವ್ಯಾಪಾರದ ನೆನಪು ಉಳಿದಿದೆ, ಅದರಲ್ಲಿ ತನ್ನ ಸ್ಥಾನವನ್ನು ಸಮುದಾಯ ತಾನೇ ಗೊತ್ತುಪಡಿಸಿಕೊಂಡಿದೆ. ಈ ವ್ಯಾಖ್ಯಾನಕ್ಕೆ ದಾಖಲೆಯ ಬಲವಿಲ್ಲ, ಐತಿಹ್ಯದ ರಚನೆಯೇ ಇದಕ್ಕೆ ಆಧಾರ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ದರ್ಗಾಗಳ ಕುರಿತು ಬರೆಯುವಾಗ ನಮ್ಮಲ್ಲಿ 'ಸಮನ್ವಯ' ಎಂಬ ಪದವನ್ನು ಬಹಳ ಧಾರಾಳವಾಗಿ ಬಳಸುವ ರೂಢಿ ಬೆಳೆದಿದೆ. ಎರಡು ಧರ್ಮಗಳು ಕಲೆತಲ್ಲೆಲ್ಲ ಈ ಪದವನ್ನು ಅಂಟಿಸಿದರೆ ವಿವೇಚನೆ ಅಲ್ಲಿಗೇ ಮುಗಿಯುತ್ತದೆ. ಸಿದ್ದಿಗಳ ವಿಷಯದಲ್ಲಂತೂ ಅದು ದಾರಿ ತಪ್ಪಿಸುವ ಪದ. ತಾವು ಇಸ್ಲಾಮನ್ನೂ ಆಫ್ರಿಕಾವನ್ನೂ ಬೆರೆಸುತ್ತಿದ್ದೇವೆಂದು ಅವರು ತಿಳಿದಿಲ್ಲ. ಗೋಮಾ ಅವರ ದೃಷ್ಟಿಯಲ್ಲಿ ಜಿಕ್ರ್, ಅಂದರೆ ದೇವರ ಸ್ಮರಣೆ. ರಿಫಾಯಿ ಸೂಫಿ ಪರಂಪರೆಯೊಡನೆ ಸಿದ್ದಿ ಫಕೀರರು ನಂಟು ಹೇಳಿಕೊಳ್ಳುತ್ತಾರೆ. ಇನ್ನೊಂದು ಕಡೆಯಲ್ಲಿ, ಗೋರಿಯ ಮುಂದೆ ಮದ್ದಳೆ ಬಾರಿಸುವುದು, ಮೈಮೇಲೆ ಬರುವುದು ಧರ್ಮಸಮ್ಮತವಲ್ಲವೆಂದು ಹೇಳುವ ಸುಧಾರಕರ ಮಾತಿನ ಪ್ರಭಾವವೂ ಸಮುದಾಯದೊಳಗೆ ಇದೆ. ಅವರನ್ನು ಜಾನಪದದ ಶತ್ರುಗಳೆಂದು ಚಿತ್ರಿಸುವುದು ಸುಲಭ. ಆದರೆ ಶಾಲೆ, ಶುಚಿ, ಮಿತವ್ಯಯಗಳನ್ನು ಬೋಧಿಸಿ ಕೂಲಿಗಾರ ಕುಟುಂಬಗಳಿಗೆ ಗೌರವದ ಬೇರೊಂದು ದಾರಿಯನ್ನು ತೋರುವವರೂ ಹಲವೊಮ್ಮೆ ಅವರೇ. ಎಲ್ಲ ಮುಸ್ಲಿಮರೂ ಸಮಾನರೆಂಬ ಬೋಧನೆಯು ಸಿದ್ದಿಗೆ ಆಕರ್ಷಕವಾಗಿ ಕಂಡರೆ ಆಶ್ಚರ್ಯವೇನಿದೆ? ಆ ಸಮಾನತೆಗಾಗಿ ಸಂತನ ರಕ್ತಸಂಬಂಧವೆಂಬ ವಿಶೇಷ ಹಕ್ಕನ್ನು ಬಿಡಬೇಕೆ ಎಂಬುದೇ ಅವರ ಮುಂದಿರುವ ಇಕ್ಕಟ್ಟು. ಹೊರಗಿನ ಸಂಶೋಧಕನು ಅದನ್ನು ಅವರ ಪರವಾಗಿ ತೀರ್ಮಾನಿಸಲಾಗದು.

ಸೌರಾಷ್ಟ್ರದಲ್ಲಿ, ಗೀರ್ ಕಾಡಿನ ಅಂಚಿನ ಜಾಂಬೂರ್ ಗ್ರಾಮದಲ್ಲಿ ನಗಾರ್ಚಿ ಪೀರ್ ಎಂಬ ಸಂತನ ದರ್ಗಾ ಇದೆ. ನಗಾರಿ ಬಾರಿಸುವವನೇ ಅಲ್ಲಿ ಸಂತ ಎಂಬುದು ಮೇಲಿನ ವಿವೇಚನೆಗೆ ಪೂರಕವಾಗಿದೆ. ಕಡಲಾಚೆ ಕರಾಚಿಯ ಶೀದಿಗಳು ಮಂಗೋಪೀರ್ ದರ್ಗಾದಲ್ಲಿ ಮೇಳ ನಡೆಸುತ್ತಾರೆ. ಅಲ್ಲಿನ ಕೊಳದಲ್ಲಿ ಮೊಸಳೆಗಳಿವೆ. ಅವುಗಳಲ್ಲಿ ಹಿರಿಯದಾದ, ಮೋರ್ ಸಾಹಿಬ್ ಎಂದು ಗೌರವದಿಂದ ಕರೆಯುವ ಮೊಸಳೆಗೆ ಮಾಂಸವನ್ನು ಅರ್ಪಿಸಿ ಹೂಮಾಲೆ ಹಾಕುವುದು ಮೇಳದ ಮುಖ್ಯ ಆಚರಣೆ. ಮದ್ದಳೆಯ ಹೆಸರು ಅಲ್ಲಿ ಮುಗರ್ಮಾನ್ ಎಂದೇ ಇದೆ. ೧೯೪೭ರ ಗಡಿರೇಖೆಯು ಈ ಪದವನ್ನು ಎರಡಾಗಿ ಒಡೆಯಲಿಲ್ಲ. ಶೀದಿಗಳ ಸ್ಮೃತಿಯಲ್ಲಿ ೧೮೪೩ರಲ್ಲಿ ಹೈದರಾಬಾದ್ ಸಿಂಧ್ ಬಳಿ ಬ್ರಿಟಿಷರೊಡನೆ ಹೋರಾಡಿ ಮಡಿದ ಹೋಶು ಶೀದಿಗೂ ಹಿರಿದಾದ ಸ್ಥಾನವಿದೆ. ಗುಲಾಮಗಿರಿಯ ಕುರಿತು ಗುಜರಾತಿನ ಐತಿಹ್ಯ ತಳೆದ ಮೌನವನ್ನು ಸಿಂಧ್‌ನಲ್ಲಿ ಒಬ್ಬ ಲೇಖಕ ಮುರಿದಿದ್ದಾರೆ. ಶೀದಿ ಸಮುದಾಯದ ಮೊಹಮ್ಮದ್ ಸಿದ್ದಿಕ್ ಮುಸಾಫಿರ್ ಅವರು ಗುಲಾಮಗಿರಿ ಹಾಗೂ ಬಿಡುಗಡೆಯ ಕುರಿತು ಸಿಂಧಿಯಲ್ಲಿ ೧೯೫೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಮೌಖಿಕ ಪರಂಪರೆ ಹೇಳಲೊಲ್ಲದ್ದನ್ನು ಬರಹ ಹೇಳಿತು.

ಇನ್ನು ಕರ್ನಾಟಕದ ಸಿದ್ದಿಗಳು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಸೀಮೆಗಳಲ್ಲಿಯೂ ಧಾರವಾಡ, ಬೆಳಗಾವಿ ಜಿಲ್ಲೆಗಳ ಅರಣ್ಯದಂಚಿನಲ್ಲಿಯೂ ಇವರ ನೆಲೆಗಳಿವೆ. ಗೋವೆಯ ಪೋರ್ಚುಗೀಸರ ಹಿಡಿತದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ದಖನ್ನಿನ ಸೈನ್ಯಗಳಿಂದ ಚದುರಿದವರು, ಭೂಮಾಲಿಕರ ಆಳುಗಳಾಗಿದ್ದವರು ಹೀಗೆ ಇವರ ಮೂಲ ಹಲವು. ಟಿ. ಸಿ. ಪಾಲಾಕ್ಷಪ್ಪ ಅವರು ೧೯೭೬ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಮೊದಲ ಮಹತ್ವದ ಗ್ರಂಥ. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಪಂಗಡಗಳಿದ್ದು ಮುಸ್ಲಿಂ ಸಿದ್ದಿಗಳು ಹಳಿಯಾಳದ ಕಡೆಗೆ ಹೆಚ್ಚು. ಬಾವಾ ಗೋರನ ಆರಾಧನೆ ಇಲ್ಲಿ ಬೇರೂರಿಲ್ಲ. ಗುಜರಾತಿನ ಕಥೆಯ ಆಸರೆ ಇಲ್ಲದ ಕಾರಣ ಇಲ್ಲಿ ಪೂರ್ವಿಕ ಸ್ಮೃತಿಯು ಬೇರೆ ದಾರಿಗಳನ್ನು ಹಿಡಿದಿದೆ.

ಅವುಗಳಲ್ಲಿ ಮುಖ್ಯವಾದುದು 'ಹಿರಿಯರು' ಎಂಬ ಕಲ್ಪನೆ. ಹಿಂದೂ ಸಿದ್ದಿಗಳ ಮನೆಗಳಲ್ಲಿ ಗತಿಸಿದ ಹಿರಿಯರ ಸಂಕೇತವಾಗಿ ತೆಂಗಿನಕಾಯಿಯನ್ನಿಟ್ಟು ಪೂಜಿಸುವ ಪದ್ಧತಿಯಿದೆ. ಯಲ್ಲಾಪುರ ಸೀಮೆಯ ಸಾತುಂಬೈಲಿನ ಸಿದ್ದಿನಾಸ ಎಂಬ ದೈವದ ವಾರ್ಷಿಕ ಕೂಟಕ್ಕೆ ಮೂರೂ ಧರ್ಮಗಳ ಸಿದ್ದಿಗಳು ಸೇರುವುದುಂಟು. ಮುಸ್ಲಿಂ ಸಿದ್ದಿಯು ಅಲ್ಲಿ ದೈವಕ್ಕೆ ಬಾಗುವನೋ ತನ್ನ ಕುಲದವರನ್ನು ಕಾಣಲು ಬರುವನೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿರಲಾರದು. ಡಮಾಮಿ ಎಂಬ ಕುಣಿತ, ಅದರ ಮದ್ದಳೆಯಾದ ಡಮಾಮು ಸಹ ಮೂರೂ ಪಂಗಡಗಳ ಒಡವೆ. ರತನ್‌ಪುರದಲ್ಲಿ ಧರ್ಮವು ಮದ್ದಳೆಯನ್ನು ಕಾಪಾಡಿತು ಎಂದೆವು. ಘಟ್ಟದ ಕಾಡಿನಲ್ಲಿ ನಡೆದದ್ದು ಅದಕ್ಕೆ ವ್ಯತಿರಿಕ್ತ: ಮೂರು ಧರ್ಮಗಳಿಗೆ ಹಂಚಿಹೋದ ಜನವನ್ನು ಮದ್ದಳೆಯು ಒಂದೆಂದು ಉಳಿಸಿತು.

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನೂ ಇಲ್ಲಿ ನೆನೆಯಬೇಕು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಯುತ್ತ ಹೋಗುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ 'ಫೂಲ' ಇಡದಿದ್ದರೆ ಕೌದಿ ಪೂರ್ತಿಯಾಗದು. ಕ್ರೈಸ್ತರ ಕೌದಿಗಳಲ್ಲಿ ಶಿಲುಬೆಯೂ ಮುಸ್ಲಿಮರ ಕೆಲವು ಕೌದಿಗಳಲ್ಲಿ ಅರ್ಧಚಂದ್ರವೂ ಕಾಣುತ್ತವೆ. ಫೂಲ ಮಾತ್ರ ಎಲ್ಲರದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಹೊರಜಗತ್ತಿಗೆ ಪರಿಚಯಿಸಿದ ಮೇಲೆ ಅವುಗಳಲ್ಲಿ ಆಫ್ರಿಕಾದ ಅಂಶಗಳನ್ನು ಹುಡುಕುವ ಉತ್ಸಾಹ ಹೆಚ್ಚಿದೆ. ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಿಯಾದರೂ ಕೌದಿ ಹೊಲಿಯುವ ಅಜ್ಜಿಯರು ಇದ್ದಾರೆಂಬುದನ್ನು ಆ ಉತ್ಸಾಹದಲ್ಲಿ ಮರೆಯಬಾರದು.

ಆಫ್ರಿಕಾದ ಅಂಶಗಳ ಈ ಹುಡುಕಾಟಕ್ಕೆ ವಿದ್ವತ್ತಿನ ಹೊರಗೂ ಪರಿಣಾಮಗಳಿವೆ. ೧೯೬೫ರ ಲೋಕೂರ್ ಸಮಿತಿಯು ಪರಿಶಿಷ್ಟ ಪಂಗಡವನ್ನು ಗುರುತಿಸಲು ಸೂಚಿಸಿದ ಲಕ್ಷಣಗಳಲ್ಲಿ ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಎಂಬಿವು ಸೇರಿವೆ. ಜಾನಪದವು ಹೀಗೆ ಅರ್ಜಿಯ ಸಾಕ್ಷ್ಯವಾಗುತ್ತದೆ. ಉತ್ತರ ಕನ್ನಡದ ಸಿದ್ದಿಗಳಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು, ಅದೇ ಕಾಡಿನ ಅದೇ ನೆಂಟರು, ೨೦೨೦ರ ತಿದ್ದುಪಡಿ ಕಾಯಿದೆಯವರೆಗೆ ಕಾಯಬೇಕಾಯಿತು. ಗುಜರಾತಿನಲ್ಲಿ ಈ ಮಾನ್ಯತೆಯು ಸೌರಾಷ್ಟ್ರದ ಜಿಲ್ಲೆಗಳಿಗೆ ಸೀಮಿತವಾಗಿದೆ. ಭರೂಚ್ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಅಂದರೆ ಗುಜರಾತಿನ ಸಿದ್ದಿಗಳೆಲ್ಲರೂ ತಮ್ಮ ಮೂಲಸ್ಥಾನವೆಂದು ನಡೆದುಕೊಳ್ಳುವ ರತನ್‌ಪುರದ ಸಿದ್ದಿಗಳೇ ಶಾಸನದ ಕಣ್ಣಿಗೆ ಪಂಗಡವಲ್ಲ.

ವೇದಿಕೆಯ ಮೇಲಿನ ಧಮಾಲ್ ಇದೇ ಬಗೆಯ ಒತ್ತಡದ ಫಲ. ನವಿಲುಗರಿಯ ಲಂಗ, ಮುಖದ ಮೇಲೆ ಬಣ್ಣದ ಗೆರೆಗಳು, ತೆಂಗಿನಕಾಯಿಯನ್ನು ಮೇಲಕ್ಕೆಸೆದು ತಲೆಯಿಂದ ಒಡೆಯುವ ಸಾಹಸ, ಇವು ಉತ್ಸವಗಳ ಪ್ರೇಕ್ಷಕರಿಗೆ ಪ್ರಿಯವಾಗಿವೆ. ಕುಣಿಯುವವರಿಗೆ ಅದರಿಂದ ಸಂಪಾದನೆಯಿದೆ, ದೇಶವಿದೇಶಗಳ ಪ್ರವಾಸವಿದೆ. ಅದನ್ನು ಕೃತಕವೆಂದು ಹಳಿಯುವ ಅಧಿಕಾರ, ಸಂಬಳ ಪಡೆದು ಜಾನಪದ ಬರೆಯುವ ನಮಗೆ ಇಲ್ಲ. ಆದರೆ ಮಾಯಿ ಮಿಸ್ರಾಳ ಗಿಲಕಿಯನ್ನು ನೆಲಕ್ಕೆ ತಾಗಿಸದೆ ಎತ್ತಿಡುವವರೂ ವೇದಿಕೆಯಲ್ಲಿ ಅದನ್ನು ಆಡಿಸುವವರೂ ಒಬ್ಬರೇ ಆಗಿರುವಾಗ, ಎರಡರ ನಡುವಿನ ಗಡಿಯನ್ನು ಅವರು ಹೇಗೆ ಕಾಯ್ದುಕೊಳ್ಳುತ್ತಾರೆ ಎಂಬುದು ಅಧ್ಯಯನಕ್ಕೆ ಅರ್ಹವಾದ ವಿಷಯ.

ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿಗಳು ಸಿದ್ದಿಗಳ ಸಂಗೀತವನ್ನು ಧ್ವನಿಮುದ್ರಿಸಿ, ಚಿತ್ರೀಕರಿಸಿ ಇಟ್ಟಿರುವುದು ದೊಡ್ಡ ಉಪಕಾರ. ಮಲುಂಗಾ ನುಡಿಸುವವರು ಅವರ ಕಾಲಕ್ಕೇ ಬೆರಳೆಣಿಕೆಯಷ್ಟಿದ್ದರು. ಇಂತಹ ಮುದ್ರಣಗಳಲ್ಲಿರುವ ಜಿಕ್ರ್‌ಗಳ ಅರ್ಥವಾಗದ ಪದಗಳನ್ನು ಸ್ವಾಹಿಲಿ ಬಲ್ಲವರ ನೆರವಿನಿಂದ ಒಂದೊಂದಾಗಿ ಬಿಡಿಸಿ, ಕರಾಚಿಯ ಶೀದಿಗಳ ಹಾಡುಗಳೊಡನೆಯೂ ಹಳಿಯಾಳದ ಡಮಾಮಿ ಹಾಡುಗಳೊಡನೆಯೂ ಇಟ್ಟು ನೋಡುವ ಕೆಲಸವನ್ನು ಕನ್ನಡದ ಜಾನಪದ ವಿಭಾಗಗಳು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಮೊದಲು ಹಳಿಯಾಳ ಸೀಮೆಯ ಮುಸ್ಲಿಂ ಸಿದ್ದಿ ಹೆಂಗಸರ ಮದುವೆ ಹಾಡುಗಳು, ಜೋಗುಳಗಳು ಸಂಗ್ರಹವಾಗಬೇಕು. ದರ್ಗಾದ ಮದ್ದಳೆ ಗಂಡಸರ ಕೈಯಲ್ಲಿದೆ, ಅದನ್ನು ಕೇಳಲು ವಿದ್ವಾಂಸರು ದೂರದೂರದಿಂದ ಬಂದಿದ್ದಾರೆ. ಜೋಗುಳ ಕೇಳಲು ಹಳಿಯಾಳದವರೆಗೆ ಹೋಗುವುದು ನಮಗೆ ದೂರವೇನಲ್ಲ.